ಹರಾಜಾದ ಮನೆ ಮತ್ತು ಎರಡನೇ ಕಾಗದ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಸಾಲ ಕಟ್ಟಲಾಗದವರ ಮನೆಗಳು ಹರಾಜಾಗುವುದು ಪ್ರತಿ ತಿಂಗಳ ಮೊದಲ ಮಂಗಳವಾರ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ, ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟಿನ ಮೆಟ್ಟಿಲ ಬಳಿಯೋ ಕೌಂಟಿ ಗೊತ್ತುಮಾಡಿದ ಇನ್ನೊಂದು ಜಾಗದಲ್ಲೋ ಒಬ್ಬಾತ ಕಾಗದದ ಕಟ್ಟು ಹಿಡಿದು ನಿಂತು ಒಂದೊಂದೇ ಆಸ್ತಿಯ ವಿವರವನ್ನು ಗಡಗಡನೆ ಓದುತ್ತಾನೆ. ಸುತ್ತ ನಿಂತವರಲ್ಲಿ ಹೆಚ್ಚಿನವರಿಗೆ ಇದೇ ಕಸುಬು. ಜೇಬಿನಲ್ಲಿ ಬ್ಯಾಂಕ್ ಚೆಕ್ಕು, ಕಿವಿಗೆ ಫೋನು. ಒಂದು ಮನೆಯ ಹಣೆಬರಹ ಕೆಲವೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಅದೇ ಹೊತ್ತಿಗೆ ಆ ಮನೆಯೊಳಗೆ ಯಾರೋ ಮಕ್ಕಳನ್ನು ಶಾಲೆಗೆ ಕಳಿಸಿ ಪಾತ್ರೆ ತೊಳೆಯುತ್ತಿರಬಹುದು.

ಇಂಥ ಸುದ್ದಿ ಕಿವಿಗೆ ಬಿದ್ದಾಗ ಬೀದಿಯ ನಾಲ್ಕು ಜನಕ್ಕೆ ಸಹಜವಾಗಿ ಹೊಳೆಯುವ ಯೋಚನೆ ಒಂದಿದೆ. ನಾವೇ ಹಣ ಕೂಡಿಸಿ, ನಾವೇ ಸವಾಲು ಕೂಗಿ, ಮನೆ ಕೊಂಡು ಆ ಕುಟುಂಬಕ್ಕೇ ಬಿಟ್ಟುಕೊಟ್ಟರೆ ಹೇಗೆ? ಹಗಲುಗನಸು ಎಂದು ತಳ್ಳಿಹಾಕುವ ಮಾತಲ್ಲ ಇದು. ಸುಮಾರು ತೊಂಬತ್ತು ವರ್ಷದ ಹಿಂದೆ ಅಲ್ಲಿನ ರೈತರು ಮಾಡಿ ತೋರಿಸಿದ್ದಾರೆ. ಈಚೆಗೆ ಡೆಟ್ರಾಯಿಟ್, ಬಾಸ್ಟನ್, ಓಕ್ಲೆಂಡ್‌ಗಳಲ್ಲಿ ಬೇರೆ ಬೇರೆ ರೂಪದಲ್ಲಿ ನಡೆದಿದೆ. ಆದರೆ ಹರಾಜು ಗೆಲ್ಲುವುದು ಇದರ ಸುಲಭದ ಅರ್ಧ. ಹರಾಜಿನಿಂದ ಕೈಗೆ ಬರುವ ಕ್ರಯಪತ್ರ ಮೊದಲನೇ ಕಾಗದ. ಮನೆಯನ್ನು ಯಾವ ಷರತ್ತಿನ ಮೇಲೆ ಕುಟುಂಬದ ವಶದಲ್ಲಿ ಉಳಿಸುತ್ತೀರಿ ಎಂದು ಬರೆಯುವುದು ಎರಡನೇ ಕಾಗದ. ನೀವು ಮಾಡಿದ್ದು ಉಪಕಾರವೋ ವ್ಯಾಪಾರವೋ ಎಂದು ಗೊತ್ತಾಗುವುದು ಆ ಎರಡನೆಯದರಲ್ಲಿ.

ಮೊದಲು, ಮನೆ ಹರಾಜಿನ ಕಟ್ಟೆಗೆ ಬರುವ ಹಾದಿ ನೋಡೋಣ. ಕಂತು ತಪ್ಪಿದ ಮರುದಿನವೇ ಯಾರೂ ಬಾಗಿಲಿಗೆ ನೋಟಿಸ್ ಅಂಟಿಸುವುದಿಲ್ಲ. 2014ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದ ಪ್ರಕಾರ, ಸಾಮಾನ್ಯವಾಗಿ ಬಾಕಿ 120 ದಿನ ದಾಟಿದ ಮೇಲೆಯೇ ಜಪ್ತಿಯ ಮೊದಲ ಹೆಜ್ಜೆ ಇಡಬಹುದು. ಅಲ್ಲಿಂದ ಮುಂದೆ ರಾಜ್ಯಕ್ಕೊಂದು ರೀತಿ. ನ್ಯೂಯಾರ್ಕ್, ಫ್ಲೋರಿಡಾ, ಒಹಾಯೊದಂಥ ಕಡೆ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ತೀರ್ಪು ತರಬೇಕು. ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು. ಕ್ಯಾಲಿಫೋರ್ನಿಯಾ, ಟೆಕ್ಸಸ್, ಜಾರ್ಜಿಯಾಗಳಲ್ಲಿ ಕೋರ್ಟಿನ ಗೊಡವೆಯೇ ಇಲ್ಲದೆ, ಸಾಲದ ಪತ್ರದಲ್ಲಿ ಮೊದಲೇ ಹೆಸರಿಸಿದ ಟ್ರಸ್ಟಿಯೋ ಸಾಲ ಕೊಟ್ಟವರೋ ಮನೆಯನ್ನು ಮಾರಿಬಿಡಬಹುದು. ಟೆಕ್ಸಸ್‌ನಲ್ಲಿ ಬಾಕಿ ಸರಿಪಡಿಸಲು ಕನಿಷ್ಠ 20 ದಿನ, ಹರಾಜಿಗೆ ಮುಂಚೆ 21 ದಿನದ ನೋಟಿಸ್. ಅಷ್ಟೇ.

ಹರಾಜಿನ ದಿನ ಬರಿಗೈಯಲ್ಲಿ ನಿಂತು ಸವಾಲು ಕೂಗುವ ಅನುಕೂಲ ಇರುವುದು ಒಬ್ಬರಿಗೆ ಮಾತ್ರ, ಸಾಲ ಕೊಟ್ಟ ಬ್ಯಾಂಕಿಗೆ. ತನಗೆ ಬರಬೇಕಾದ ಬಾಕಿಯಷ್ಟು ಮೊತ್ತದವರೆಗೆ ಅದು ನಗದು ಇಡದೆ ಕೂಗಬಹುದು. ಯಾರೂ ಅದಕ್ಕಿಂತ ಹೆಚ್ಚು ಕೂಗದಿದ್ದರೆ ಮನೆ ಬ್ಯಾಂಕಿನ ಪಾಲು. ಉಳಿದವರೆಲ್ಲ ಹಣವನ್ನು ಅಲ್ಲೇ, ಅಥವಾ ಕೆಲವೇ ದಿನಗಳಲ್ಲಿ, ಪೂರ್ತಿ ಕಟ್ಟಬೇಕು. ಮಾಮೂಲಿ ಗೃಹಸಾಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಂಕು ಮನೆ ನೋಡಿ, ಬೆಲೆ ಕಟ್ಟಿಸಿ, ಸಾಲ ಮಂಜೂರು ಮಾಡುವಷ್ಟರಲ್ಲಿ ಹರಾಜು ಮುಗಿದು ವಾರಗಳು ಕಳೆದಿರುತ್ತವೆ. ಮನೆಯ ಒಳಗೆ ಕಾಲಿಡುವಂತೆಯೂ ಇಲ್ಲ. ಮಾಡು ಸೋರುತ್ತದೆಯೋ, ಕೊಳವೆಗಳನ್ನು ಯಾರಾದರೂ ಕಿತ್ತು ಮಾರಿದ್ದಾರೋ, ಬೀದಿಯಿಂದ ನೋಡಿ ಊಹಿಸಬೇಕು.

ಎಲ್ಲಕ್ಕಿಂತ ದೊಡ್ಡ ಹೊಂಡ ಋಣಭಾರದ್ದು. ಒಂದು ಮನೆಯ ಮೇಲೆ ಎರಡು ಮೂರು ಸಾಲ ಇರಬಹುದು. ಯಾವ ಸಾಲಕ್ಕಾಗಿ ಹರಾಜು ನಡೆಯುತ್ತದೋ ಅದರ ಹಿಂದೆ ಸಾಲಿನಲ್ಲಿ ನಿಂತವು ಅಳಿಸಿಹೋಗುತ್ತವೆ, ಮುಂದೆ ನಿಂತವು ಮನೆಗೆ ಅಂಟಿಕೊಂಡೇ ಉಳಿಯುತ್ತವೆ. ಹಾಗಾಗಿ ಎರಡನೇ ಸಾಲದ ಹರಾಜಿನಲ್ಲಿ 30,000 ಡಾಲರಿಗೆ ಮನೆ ಸಿಕ್ಕಿತೆಂದು ಹಿಗ್ಗಿದವರಿಗೆ, ಎರಡು ಲಕ್ಷದ ಮೊದಲ ಸಾಲ ಹಾಗೇ ಕೂತಿದೆ ಎಂದು ಆಮೇಲೆ ತಿಳಿಯಬಹುದು. ಬಾಕಿ ಉಳಿದ ಆಸ್ತಿ ತೆರಿಗೆ ಸಾಮಾನ್ಯವಾಗಿ ಎಲ್ಲ ಸಾಲಕ್ಕಿಂತ ಮುಂದೆ ನಿಲ್ಲುತ್ತದೆ. ಕೇಂದ್ರ ಆದಾಯ ತೆರಿಗೆಯ ಹಕ್ಕು ದಾಖಲಾಗಿದ್ದರೆ, ಹರಾಜಾದ 120 ದಿನದೊಳಗೆ ಸರ್ಕಾರವೇ ಹಣ ಕೊಟ್ಟು ಮನೆಯನ್ನು ಕೊಂಡವರಿಂದ ಬಿಡಿಸಿಕೊಳ್ಳಬಹುದು. ಕೆಲವು ರಾಜ್ಯಗಳಲ್ಲಿ ಹಳೆಯ ಮಾಲೀಕರಿಗೂ ಹಾಗೆ ಬಿಡಿಸಿಕೊಳ್ಳುವ ಹಕ್ಕಿದೆ. ಮಿಚಿಗನ್, ಮಿನ್ನೆಸೋಟಗಳಲ್ಲಿ ಮಾಮೂಲಿಯಾಗಿ ಆರು ತಿಂಗಳು. ಹೂಡಿಕೆದಾರರಿಗೆ ಈ ಆರು ತಿಂಗಳು ಕಿರಿಕಿರಿ. ನೆರವಿಗೆ ಬಂದವರಿಗೆ ಇದೇ ವರ. ಹರಾಜು ಮುಗಿದ ಮೇಲೂ ಕುಟುಂಬದ ಕೈಗೆ ಹಣ ಸೇರಿಸಿ, ಅವರ ಹಕ್ಕಿನಲ್ಲೇ ಮನೆ ಬಿಡಿಸಲು ಅವಕಾಶ ಇರುತ್ತದಲ್ಲ.

ಸವಾಲಿನ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಮನೆಯ ಮೇಲಿನ ಸಾಲ 1,20,000 ಡಾಲರ್, ಮಾರುಕಟ್ಟೆ ಬೆಲೆ 2,50,000 ಎಂದಿಟ್ಟುಕೊಳ್ಳಿ. ಅಪರಿಚಿತನೊಬ್ಬ ಎರಡು ಲಕ್ಷಕ್ಕೆ ಕೂಗಿದರೆ ಸಾಲ, ಖರ್ಚು, ಸಾಲಿನಲ್ಲಿ ಹಿಂದೆ ನಿಂತ ಸಣ್ಣ ಸಾಲಗಳು ತೀರಿ ಮಿಕ್ಕ ಹಣ ಮನೆ ಕಳೆದುಕೊಂಡವರಿಗೇ ಸೇರಬೇಕು. ಬೇರೆ ಸಾಲ ಇಲ್ಲದಿದ್ದರೆ ಹೆಚ್ಚುಕಡಿಮೆ 80,000. ನೀವು ಅದೇ ಮನೆಯನ್ನು 1,20,000ದ ಆಚೆ ಒಂದು ಡಾಲರಿಗೆ ಗೆದ್ದರೆ ಅವರಿಗೆ ಏನೂ ಉಳಿಯುವುದಿಲ್ಲ. ಅಂದರೆ ಅಗ್ಗಕ್ಕೆ ಗೆಲ್ಲುವುದು ಕುಟುಂಬಕ್ಕೆ ಲಾಭವಾಗಬೇಕಾದರೆ ಆ ಅಗ್ಗದ ಲಾಭ ಪೂರ್ತಿ ಅವರಿಗೇ ಮರಳಬೇಕು. ಎರಡನೇ ಕಾಗದದಲ್ಲಿ ಮರಳದಿದ್ದರೆ, ನೀವು ನಗುನಗುತ್ತಾ ಅವರ 80,000 ಡಾಲರ್ ಕಿತ್ತುಕೊಂಡಂತೆ. ಇದನ್ನು ಇಷ್ಟು ಒರಟಾಗಿ ಹೇಳುವುದು ಬೇಕಿದೆ, ಯಾಕೆಂದರೆ ಒಳ್ಳೆಯ ಉದ್ದೇಶದವರೇ ಇಲ್ಲಿ ಎಡವುತ್ತಾರೆ.

ಐದು ಸೆಂಟಿನ ಸವಾಲು

1931ರಲ್ಲಿ ನೆಬ್ರಾಸ್ಕದ ಮ್ಯಾಡಿಸನ್ ಕೌಂಟಿಯ ಒಂದು ಹೊಲಮನೆಯ ಹರಾಜಿಗೆ ಸುಮಾರು 150 ರೈತರು ಬಂದು ನಿಂತರು. ಬೆಳೆಯ ಬೆಲೆ ನೆಲಕಚ್ಚಿದ ಕಾಲ. ಬ್ಯಾಂಕಿನವರು ನೂರಾರು, ಸಾವಿರಾರು ಡಾಲರ್ ಹುಟ್ಟುತ್ತದೆಂದು ಕಾದಿದ್ದರು. ಮೊದಲ ಸವಾಲು ಐದು ಸೆಂಟು. ಯಾರೋ ಒಬ್ಬ ಬೆಲೆ ಏರಿಸಲು ಹೊರಟಾಗ ಅಕ್ಕಪಕ್ಕದವರು 'ಬೇಡ' ಎಂದರು. ಹೇಳಿದ ರೀತಿ ಅಷ್ಟೇನೂ ಮೃದುವಾಗಿರಲಿಲ್ಲ. ಕೊನೆಗೆ ಒಟ್ಟಾರೆ ಹುಟ್ಟಿದ್ದು 5 ಡಾಲರ್ 35 ಸೆಂಟ್. ಮುಂದಿನ ಎರಡು ವರ್ಷ ಐಯೊವಾ, ನೆಬ್ರಾಸ್ಕ ಸುತ್ತಿನ ರಾಜ್ಯಗಳಲ್ಲಿ ಇಂಥ ಪುಡಿಗಾಸಿನ ಹರಾಜುಗಳು ಹಬ್ಬಿದವು. ಕೊಂಡದ್ದನ್ನೆಲ್ಲ ನೆರೆಯವರು ಹಳೆಯ ಮಾಲೀಕನಿಗೇ ಮರಳಿಸುತ್ತಿದ್ದರು. ಕೆಲವೆಡೆ ಕಣಜದ ತೊಲೆಗೆ ನೇಣಿನ ಹಗ್ಗ ತೂಗುಹಾಕಿದ್ದೂ ಉಂಟು, ಹೊರಗಿನ ಊರಿಂದ ಬಂದ ಕೊಳ್ಳುವವರಿಗೆ ಒಂದು ಸೂಚನೆ ಇರಲೆಂದು. 1933ರ ಏಪ್ರಿಲ್‌ನಲ್ಲಿ ಐಯೊವಾದ ಲ ಮಾರ್ಸ್ ಎಂಬಲ್ಲಿ ಜಪ್ತಿ ನಿಲ್ಲಿಸಲು ಒಪ್ಪದ ನ್ಯಾಯಾಧೀಶರನ್ನು ಗುಂಪೊಂದು ಕೋರ್ಟಿನಿಂದಲೇ ಎಳೆದೊಯ್ದು ಕುತ್ತಿಗೆಗೆ ಹಗ್ಗ ಬಿಗಿಯಿತು. ಅವರು ಬದುಕಿ ಉಳಿದದ್ದು ಅದೃಷ್ಟ.

ಈ ಗದ್ದಲದ ಫಲ ಕಾನೂನಿನಲ್ಲಿ ಕಾಣಿಸಿತು. 1933ರಲ್ಲಿ ಐಯೊವಾ, ಮಿನ್ನೆಸೋಟ ಮುಂತಾದ ರಾಜ್ಯಗಳು ಜಪ್ತಿಗೆ ತಾತ್ಕಾಲಿಕ ತಡೆ ತಂದವು. ಮಿನ್ನೆಸೋಟದ ಕಾಯ್ದೆಯನ್ನು 1934ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿಯಿತು.

ಕತೆ ಕೇಳಲು ರೋಚಕ. ಆದರೆ ಇಂದು ಅದೇ ದಾರಿ ಹಿಡಿಯುವವರಿಗೆ ಜೈಲು ಕಾದಿರಬಹುದು. ಬೆದರಿಕೆಯ ಮಾತು ಹಾಗಿರಲಿ, 'ನೀನು ಕೂಗಬೇಡ, ನಾನು ಕೊಳ್ಳುತ್ತೇನೆ' ಎಂದು ಸವಾಲು ಹಾಕಬಹುದಾದವರು ಒಳಗೊಳಗೇ ಮಾಡಿಕೊಳ್ಳುವ ಒಪ್ಪಂದವೇ 1890ರ ಷರ್ಮನ್ ಕಾಯ್ದೆಯಡಿ ಅಪರಾಧ. 2008ರ ಆರ್ಥಿಕ ಕುಸಿತದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಕೌಂಟಿಗಳಲ್ಲಿ ವ್ಯಾಪಾರಿಗಳು ಸಾರ್ವಜನಿಕ ಹರಾಜಿನಲ್ಲಿ ಸುಮ್ಮನಿದ್ದು, ಆಮೇಲೆ ಪಕ್ಕದಲ್ಲೇ ತಮ್ಮತಮ್ಮಲ್ಲಿ ಗುಟ್ಟಿನ ಹರಾಜು ನಡೆಸಿ ಲಾಭ ಹಂಚಿಕೊಳ್ಳುತ್ತಿದ್ದರು. ಅದಕ್ಕೆ 60ಕ್ಕೂ ಹೆಚ್ಚು ಜನ ಶಿಕ್ಷೆಗೊಳಗಾದರು. ಹತ್ತು ಜನ ಬಹಿರಂಗವಾಗಿ ಹಣ ಸೇರಿಸಿ ಒಂದು ಸಂಸ್ಥೆಯ ಹೆಸರಲ್ಲಿ ಕೂಗುವುದು ಬೇರೆ; ಉಳಿದವರ ಬಾಯಿ ಮುಚ್ಚಿಸುವುದು ಬೇರೆ. ಎರಡರ ನಡುವಿನ ಗೆರೆಯನ್ನು ಹರಾಜಿಗೆ ಹೋಗುವ ಮೊದಲೇ ವಕೀಲರಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಎಂಟು ಡಾಲರ್ ನಲವತ್ತೊಂದು ಸೆಂಟ್

ಸಾಲದ ಹರಾಜಿನ ಜೊತೆಗೆ ಇನ್ನೊಂದು ಬಗೆಯಿದೆ: ಆಸ್ತಿ ತೆರಿಗೆ ಬಾಕಿಯ ಹರಾಜು. ಬಡವರ ಮನೆಗಳು ಹೆಚ್ಚಾಗಿ ಹೋಗುವುದು ಇಲ್ಲಿ, ಯಾಕೆಂದರೆ ಅಜ್ಜ ಅಜ್ಜಿಯಿಂದ ಬಂದ, ಸಾಲವೇ ಇಲ್ಲದ ಮನೆಯನ್ನೂ ತೆರಿಗೆ ಬಿಡುವುದಿಲ್ಲ. ಮಿಚಿಗನ್‌ನಲ್ಲಿ 1999ರ ಕಾಯ್ದೆಯ ನಂತರ ಮೂರು ವರ್ಷದ ಹಳೆಯ ಬಾಕಿಗೆ ಕೌಂಟಿ ಖಜಾಂಚಿ ಮನೆಯನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು. ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯಲ್ಲಿ ಮೊದಲ ಸುತ್ತಿನ ಸವಾಲು ಬಾಕಿ ತೆರಿಗೆಯಿಂದ ಶುರುವಾಗುತ್ತಿತ್ತು. ಅಲ್ಲಿ ಹೋಗದ ಮನೆಗಳು ಎರಡನೇ ಸುತ್ತಿನಲ್ಲಿ 500 ಡಾಲರಿನಿಂದ. ಐನೂರು ಡಾಲರಿಗೆ ಮನೆ ಎಂದರೆ ಎಲ್ಲಿಂದೆಲ್ಲಿಂದಲೋ ಜನ ಆನ್‌ಲೈನಿನಲ್ಲಿ ಕೂಗಿದರು. ಅವರಲ್ಲಿ ಮನೆಯನ್ನು ಒಮ್ಮೆಯೂ ನೋಡದವರೂ ಇದ್ದರು, ಕೊಂಡು ಬಾಡಿಗೆ ವಸೂಲಿ ಮಾಡಿ ತೆರಿಗೆ ಮಾತ್ರ ಕಟ್ಟದೆ ಮತ್ತೆ ಜಪ್ತಿಗೆ ಬಿಟ್ಟವರೂ ಇದ್ದರು. ನಿಯತ್ತಾಗಿ ಬಾಡಿಗೆ ಕಟ್ಟುತ್ತಿದ್ದ ಕುಟುಂಬ ಬೀದಿಗೆ ಬಿತ್ತು. ಮೇಲೊಂದು ಬರೆ: ನಗರ ಮನೆಗಳ ಬೆಲೆಯನ್ನು ವಾಸ್ತವಕ್ಕಿಂತ ಹೆಚ್ಚು ಕಟ್ಟಿ ತೆರಿಗೆ ಹಾಕಿತ್ತು. 2010ರಿಂದ 2016ರ ನಡುವೆ ಹೀಗೆ ಹೆಚ್ಚಾಗಿ ಹಾಕಿದ ತೆರಿಗೆ ಕನಿಷ್ಠ 60 ಕೋಟಿ ಡಾಲರ್ ಎಂದು 2020ರಲ್ಲಿ ಡೆಟ್ರಾಯಿಟ್ ನ್ಯೂಸ್ ಪತ್ರಿಕೆ ಲೆಕ್ಕ ಹಾಕಿತು. ಅಂದರೆ ಇರಲೇಬಾರದಿದ್ದ ಬಾಕಿಗೆ ಮನೆ ಕಳೆದುಕೊಂಡವರೂ ಇದ್ದರು.

ಇಲ್ಲಿ ನೆರವಿಗೆ ನಿಂತದ್ದು ಯುನೈಟೆಡ್ ಕಮ್ಯುನಿಟಿ ಹೌಸಿಂಗ್ ಕೊಯಲಿಷನ್ ಎಂಬ ಸ್ಥಳೀಯ ಸಂಸ್ಥೆ. ಮೊದಮೊದಲು ಅದು ಮನೆಯಲ್ಲಿ ವಾಸವಿದ್ದವರ ಪರವಾಗಿ ಹರಾಜಿನಲ್ಲೇ ಕೂಗುತ್ತಿತ್ತು. ಇದರ ತೊಂದರೆ ನಿಮಗೇ ಹೊಳೆಯುತ್ತದೆ: ಆಚೆ ಕಡೆಯವನು ನೂರು ಡಾಲರ್ ಹೆಚ್ಚು ಕೂಗಿದರೆ ಆಟ ಮುಗಿಯಿತು. 2017ರಲ್ಲಿ ಉಪಾಯ ಬದಲಾಯಿತು. ಹರಾಜಿಗೆ ಮುಂಚೆಯೇ ಅಂಥ ಆಸ್ತಿಗಳನ್ನು ಮೊದಲು ಕೊಳ್ಳುವ ಹಕ್ಕು ಕಾನೂನಿನಲ್ಲಿ ನಗರಕ್ಕೆ ಇತ್ತು. ನಗರ ಆ ಹಕ್ಕನ್ನು ಚಲಾಯಿಸಿ ಮನೆಗಳನ್ನು ಈ ಸಂಸ್ಥೆಗೆ ದಾಟಿಸಿತು, ಸಂಸ್ಥೆ ಒಳಗಿದ್ದ ಬಾಡಿಗೆದಾರರಿಗೆ, ಕುಟುಂಬಗಳಿಗೆ ಬಡ್ಡಿಯಿಲ್ಲದ ಕಂತುಗಳಲ್ಲಿ ಮಾರಿತು. ಮೇಕ್ ಇಟ್ ಹೋಮ್ ಎಂದು ಈ ಯೋಜನೆಯ ಹೆಸರು. ಹರಾಜಿನಲ್ಲಿ ಗೆಲ್ಲುವುದಕ್ಕಿಂತ ಹರಾಜೇ ನಡೆಯದಂತೆ ನೋಡಿಕೊಂಡದ್ದು ಜಾಣತನ.

ಇದೇ ಮಿಚಿಗನ್‌ನ ಇನ್ನೊಂದು ಮೊಕದ್ದಮೆಯಿಂದ ವಿಚಿತ್ರ ತಿರುವು ಬಂತು. ಓಕ್ಲೆಂಡ್ ಕೌಂಟಿಯಲ್ಲಿ ಯೂರಿ ರಫೇಲಿ ಎಂಬುವರು ತೆರಿಗೆ ಕಟ್ಟುವಾಗ 8 ಡಾಲರ್ 41 ಸೆಂಟ್ ಕಡಿಮೆ ಕಟ್ಟಿದ್ದರು. ಬಡ್ಡಿ, ದಂಡ ಸೇರಿ ಅದು ಮುನ್ನೂರರ ಒಳಗೇ ಇತ್ತು. ಕೌಂಟಿ ಆ ಮನೆಯನ್ನು 24,500 ಡಾಲರಿಗೆ ಹರಾಜು ಹಾಕಿ ಪೂರ್ತಿ ಹಣ ಇಟ್ಟುಕೊಂಡಿತು. ಹೀಗೆ ಮಿಕ್ಕ ಹಣವನ್ನು ನುಂಗುವುದು ಸಲ್ಲದೆಂದು 2020ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. 2023ರ ಮೇನಲ್ಲಿ ದೇಶದ ಸುಪ್ರೀಂ ಕೋರ್ಟೂ ಮಿನ್ನೆಸೋಟದ ಬೇರೊಂದು ಪ್ರಕರಣದಲ್ಲಿ ಒಮ್ಮತದಿಂದ ಅದನ್ನೇ ಹೇಳಿತು. ಆ ಪ್ರಕರಣದ ಜೆರಾಲ್ಡಿನ್ ಟೈಲರ್ ಅವರಿಗೆ ಆಗ 94 ವರ್ಷ. ಬಡ್ಡಿ ದಂಡ ಸೇರಿ 15,000 ಡಾಲರ್ ಬಾಕಿಗೆ ಅವರ ಮಿನಿಯಾಪೊಲಿಸ್ ಫ್ಲ್ಯಾಟನ್ನು 40,000ಕ್ಕೆ ಮಾರಿ ಕೌಂಟಿ ಮಿಕ್ಕ 25,000ವನ್ನು ತನ್ನಲ್ಲೇ ಉಳಿಸಿಕೊಂಡಿತ್ತು. ಮನೆ ಕಳೆದುಕೊಂಡವರಿಗೆ ಇದು ನ್ಯಾಯ, ಸಂಶಯವಿಲ್ಲ. ಆದರೆ ಮಿಕ್ಕ ಬೆಲೆಯೂ ಹಳೆಯ ಮಾಲೀಕರದ್ದೇ ಎಂದಾದ ಮೇಲೆ, ಬರೀ ಬಾಕಿ ತೆರಿಗೆ ಕೊಟ್ಟು ಮನೆಯನ್ನು ಬಾಡಿಗೆದಾರರಿಗೆ ದಾಟಿಸುವ ಲೆಕ್ಕ ಮೊದಲಿನಷ್ಟು ಸರಳವಾಗಿ ಉಳಿಯಲಿಲ್ಲ. ಮಾಲೀಕನ ನ್ಯಾಯ, ಬಾಡಿಗೆದಾರನ ನೆಲೆ, ಎರಡೂ ಒಂದೇ ಗೋಡೆಯೊಳಗೆ ಇದ್ದಾಗ ಹೀಗಾಗುತ್ತದೆ.

ಬ್ಯಾಂಕಿನ ಕೈಯಿಂದ ಕೊಳ್ಳುವುದು

ಹರಾಜಿನಲ್ಲಿ ಯಾರೂ ಕೊಳ್ಳದೆ ಬ್ಯಾಂಕಿನ ಪಾಲಾದ ಮನೆಗಳನ್ನು ಆಮೇಲೆ ಚೌಕಾಸಿ ಮಾಡಿ ಕೊಳ್ಳಬಹುದು. ನಗದು ಬೇಕು, ಆದರೆ ಮನೆ ನೋಡಬಹುದು, ಹಕ್ಕುಪತ್ರ ಪರಿಶೀಲಿಸಬಹುದು. ಬಾಸ್ಟನ್ ಕಮ್ಯುನಿಟಿ ಕ್ಯಾಪಿಟಲ್ ಎಂಬ ಲಾಭರಹಿತ ಸಂಸ್ಥೆ 2009ರ ಕೊನೆಯಲ್ಲಿ ಆರಂಭಿಸಿದ್ದು ಇದನ್ನೇ. ಆಗ ಮನೆಗಳ ಬೆಲೆ ಬಿದ್ದು ಸಾಲ ಬೆಲೆಗಿಂತ ದೊಡ್ಡದಾಗಿತ್ತು. ಸಂಸ್ಥೆ ಬ್ಯಾಂಕಿನಿಂದ ಇಳಿದ ಬೆಲೆಗೆ ಮನೆ ಕೊಂಡು, ಒಳಗೆ ಇನ್ನೂ ವಾಸವಿದ್ದ ಕುಟುಂಬಕ್ಕೇ ಸಣ್ಣ ಹೊಸ ಸಾಲದ ಮೇಲೆ ಮಾರುತ್ತಿತ್ತು.

ಕೇಳಲು ಎಷ್ಟು ಸರಳ! ಆದರೆ ದೇಶದ ಗೃಹಸಾಲಗಳ ದೊಡ್ಡ ಪಾಲಿಗೆ ಬೆನ್ನೆಲುಬಾಗಿರುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಒಪ್ಪಲಿಲ್ಲ. ಅಪರಿಚಿತನಿಗೆ ಒಂದು ಲಕ್ಷಕ್ಕೆ ಮಾರಲು ಸಿದ್ಧವಿದ್ದ ಮನೆಯನ್ನು ಹಳೆಯ ಮಾಲೀಕನಿಗೆ, ಅಥವಾ ಅವನಿಗೆ ಮರಳಿಸುವ ಸಂಸ್ಥೆಗೆ ಮಾರಬೇಕಾದರೆ ಪೂರ್ತಿ ಹಳೆಯ ಸಾಲ ಕಟ್ಟಿ ಎನ್ನುತ್ತಿದ್ದವು. ಇಲ್ಲದಿದ್ದರೆ ಜನ ಬೇಕೆಂದೇ ಕಂತು ತಪ್ಪಿಸಿ ಅಗ್ಗದಲ್ಲಿ ಮನೆ ವಾಪಸು ಪಡೆಯುತ್ತಾರೆ ಎಂಬುದು ಅವರ ಭಯ. ಲಾಭರಹಿತ ಸಂಸ್ಥೆಯ ನ್ಯಾಯವಾದ ಬೆಲೆಯನ್ನು ಈ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಮ್ಯಾಸಚೂಸೆಟ್ಸ್ 2012ರಲ್ಲಿ ಕಾಯ್ದೆ ಮಾಡಿತು. 2014ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಆ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದರು. ಕೋರ್ಟು ದಾವೆಯನ್ನು ವಜಾ ಮಾಡಿತು. ಆದರೂ ಅದೇ ವರ್ಷದ ನವೆಂಬರ್‌ನಲ್ಲಿ ನಿಯಂತ್ರಕ ಸಂಸ್ಥೆ, ಆಗ ಕೈಯಲ್ಲಿದ್ದ ಮನೆಗಳ ಮಟ್ಟಿಗೆ, ಹಳೆಯ ಮಾಲೀಕರಿಗೂ ಮಾರುಕಟ್ಟೆ ಬೆಲೆಗೇ ಮಾರಬಹುದೆಂದು ನೀತಿ ಬದಲಿಸಿತು.

ಬಾಸ್ಟನ್ ಯೋಜನೆಯ ಎರಡನೇ ಕಾಗದದಲ್ಲಿ ಒಂದು ಕಲಮು ಇತ್ತು: ಮುಂದೆ ಮನೆಯ ಬೆಲೆ ಏರಿದರೆ ಏರಿಕೆಯ ಒಂದು ಪಾಲು ಸಂಸ್ಥೆಗೆ. ಬೆಲೆ ನೆಲಕಚ್ಚಿದ್ದ ಕಾಲದಲ್ಲಿ ಸಹಿ ಹಾಕುವಾಗ ಅದು ಯಾರಿಗೂ ದೊಡ್ಡದಾಗಿ ಕಂಡಿರಲಾರದು. ಹತ್ತು ವರ್ಷದಲ್ಲಿ ಬಾಸ್ಟನ್ ಸುತ್ತ ಬೆಲೆ ಗಗನಕ್ಕೇರಿತು, ಮಾರಲು ಹೊರಟವರಿಗೆ ಆ ಪಾಲಿನ ಗಾತ್ರ ಕಂಡು ತಲೆ ತಿರುಗಿತು. ಕೆಲವರು ಕೋರ್ಟಿಗೆ ಹೋದರು. ಸಂಸ್ಥೆಯ ವಾದದಲ್ಲೂ ಹುರುಳಿದೆ. ಆ ಹಣವೇ ಮುಂದಿನ ಕುಟುಂಬದ ಮನೆ ಉಳಿಸುತ್ತದೆ. ನನ್ನ ಮಟ್ಟಿಗೆ ಕೇಳಿದರೆ, ಪಾಲು ಕೇಳುವುದು ತಪ್ಪಲ್ಲ, ಆದರೆ ಅದು ಎಷ್ಟರವರೆಗೆ ಬೆಳೆಯಬಹುದೆಂದು ಡಾಲರುಗಳಲ್ಲಿ ಬರೆದು ತೋರಿಸದೆ ಸಹಿ ಹಾಕಿಸಬಾರದು. ಮನೆ ಹೋಗುವ ಭಯದಲ್ಲಿ ಇರುವವರು ಏನು ಕೊಟ್ಟರೂ ಸಹಿ ಹಾಕುತ್ತಾರೆ.

ಕ್ಯಾಲಿಫೋರ್ನಿಯಾ ಇನ್ನೊಂದು ದಾರಿ ತೆರೆಯಿತು. 2019ರ ಜುಲೈನಲ್ಲಿ ಓಕ್ಲೆಂಡಿನ ಮ್ಯಾಗ್ನೋಲಿಯ ಬೀದಿಯ ಒಂದು ಮನೆಯನ್ನು ಹೂಡಿಕೆ ಕಂಪನಿಯೊಂದು ಹರಾಜಿನಲ್ಲಿ ಸುಮಾರು 5,01,000 ಡಾಲರಿಗೆ ಕೊಂಡಿತು. ಖಾಲಿ ಬಿದ್ದಿದ್ದ ಆ ಮನೆಗೆ ನವೆಂಬರ್‌ನಲ್ಲಿ ನೆಲೆಯಿಲ್ಲದ ಕೆಲವು ತಾಯಂದಿರು ಮಕ್ಕಳೊಡನೆ ಹೋಗಿ ಕೂತರು. 2020ರ ಜನವರಿಯಲ್ಲಿ ಬೆಳಗಾಗುವ ಮುನ್ನವೇ ಪೊಲೀಸರು ಬಂದು ಹೊರಹಾಕಿದರು, ದೇಶವೆಲ್ಲ ಸುದ್ದಿಯಾಯಿತು. ಕೊನೆಗೆ ಅದೇ ವರ್ಷ ಓಕ್ಲೆಂಡ್ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ (ಮನೆಗಳ ನೆಲವನ್ನು ಸಮುದಾಯದ ಪರವಾಗಿ ಇಟ್ಟುಕೊಳ್ಳುವ ಲಾಭರಹಿತ ಸಂಸ್ಥೆ) 5,87,500 ಡಾಲರ್ ಕೊಟ್ಟು ಮನೆಯನ್ನು ಕೊಂಡಿತು. ಹರಾಜಿನ ದಿನ ಅಲ್ಲಿ ನಿಲ್ಲುವ ಶಕ್ತಿ ಟ್ರಸ್ಟಿಗೆ ಇದ್ದಿದ್ದರೆ ಎಂಬತ್ತಾರು ಸಾವಿರ ಉಳಿಯುತ್ತಿತ್ತು.

ಆ ಶಕ್ತಿ ಕೊಡಲೆಂದೇ ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ಮಂಡಿಸಿದ ಎಸ್‌ಬಿ 1079 ಕಾಯ್ದೆ 2021ರ ಜನವರಿಯಿಂದ ಜಾರಿಗೆ ಬಂತು. ಒಂದರಿಂದ ನಾಲ್ಕು ಮನೆಗಳಿರುವ ಕಟ್ಟಡವನ್ನು ತಾನೇ ವಾಸಿಸಲು ಉದ್ದೇಶವಿಲ್ಲದವನು ಹರಾಜಿನಲ್ಲಿ ಗೆದ್ದರೆ ವ್ಯವಹಾರ ಅಲ್ಲಿಗೇ ಮುಗಿಯುವುದಿಲ್ಲ. ಬಾಡಿಗೆದಾರರು, ವಾಸಕ್ಕೆ ಕೊಳ್ಳುವವರು, ಲಾಭರಹಿತ ಸಂಸ್ಥೆಗಳು, ಲ್ಯಾಂಡ್ ಟ್ರಸ್ಟ್‌ಗಳು 15 ದಿನದೊಳಗೆ 'ನಮಗೂ ಬೇಕು' ಎಂದು ತಿಳಿಸಿ, 45 ದಿನದೊಳಗೆ ಹಣ ತಂದರೆ ಮನೆ ಅವರಿಗೆ. ಬಾಡಿಗೆದಾರ ಗೆದ್ದ ಬೆಲೆಯನ್ನು ಸರಿಗಟ್ಟಿದರೆ ಸಾಕು, ಉಳಿದವರು ಅದನ್ನು ಮೀರಬೇಕು. ಸಾಲ ಮಾಡಿದ ಮಾಲೀಕ, ಅವನ ಹೆಂಡತಿ ಮಕ್ಕಳು 'ಬಾಡಿಗೆದಾರ' ಎಂಬ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮರೆತು ಓಡಾಡಿದವರಿಗೆ ನಿರಾಸೆಯೇ ಗತಿ. ಎಲ್ಲ ಕಾನೂನಿನಂತೆ ಇದರಲ್ಲೂ ಕಿಂಡಿ ಹುಡುಕಿದರು. ಲಾಭರಹಿತ ಸಂಸ್ಥೆಯ ವೇಷ ತೊಟ್ಟ ವ್ಯಾಪಾರಿಗಳು ನುಸುಳಿದಾಗ 2022ರಲ್ಲಿ ನಿಯಮ ಬಿಗಿಯಾಯಿತು: ಸಂಸ್ಥೆಯಾಗಿ ಕೊಂಡರೆ 30 ವರ್ಷ ಆ ಮನೆ ಕಡಿಮೆ ಆದಾಯದವರ ಕೈಗೆ ಎಟುಕುವಂತೆ ಉಳಿಯಬೇಕು.

ಎರಡನೇ ಕಾಗದ

ಈಗ ಮನೆ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಒಳಗೆ ಕುಟುಂಬ ಇದ್ದೇ ಇದೆ. ಅಲ್ಲಿ ಬಾಡಿಗೆದಾರರಿದ್ದರೆ ಕೇಂದ್ರ ಕಾಯ್ದೆಯೊಂದು ಕನಿಷ್ಠ 90 ದಿನದ ನೋಟಿಸಿನ ರಕ್ಷಣೆ ಕೊಟ್ಟಿದೆ. 2009ರಲ್ಲಿ ಬಂದು, 2014ರ ಕೊನೆಗೆ ಅವಧಿ ಮುಗಿದು, 2018ರಲ್ಲಿ ಕಾಯಂ ಆದ ಕಾಯ್ದೆ ಅದು. ಹಳೆಯ ಮಾಲೀಕರೇ ಇದ್ದರೆ ಆ ರಕ್ಷಣೆ ಇಲ್ಲ, ಎಲ್ಲವೂ ನಿಮ್ಮ ಮಾತಿನ ಮೇಲೆ.

ಮೊದಲು ತೋಚುವುದು ಮನೆಯನ್ನು ಹಾಗೇ ಅವರ ಹೆಸರಿಗೆ ಬರೆದುಕೊಡುವುದು. ಇಲ್ಲೊಂದು ಕುಣಿಕೆಯಿದೆ. ಸಾಲಿನಲ್ಲಿ ಹಿಂದೆ ನಿಂತು ಹರಾಜಿನಲ್ಲಿ ಅಳಿಸಿಹೋದ ಸಾಲಗಳು, ಮನೆ ಮತ್ತೆ ಅದೇ ಸಾಲಗಾರನ ಹೆಸರಿಗೆ ಬಂದರೆ ಅನೇಕ ರಾಜ್ಯಗಳಲ್ಲಿ ಜೀವ ಪಡೆದು ಅಂಟಿಕೊಳ್ಳಬಹುದು. ಅವರ ಮೇಲೆ ಕೋರ್ಟಿನ ಬೇರೆ ಹಣದ ತೀರ್ಪು ಇದ್ದರೆ ಅದೂ ಹೊಸ ಆಸ್ತಿಯನ್ನು ಹಿಡಿಯಬಹುದು. ಪ್ರೀತಿಯಿಂದ ಕೊಟ್ಟ ಉಡುಗೊರೆ ಹಳೆಯ ಸಾಲಿಗರ ಬಾಯಿಗೆ ಹೋಗುತ್ತದೆ.

ಎರಡನೆಯದು ಕಂತಿನಲ್ಲಿ ಮಾರುವುದು: ಎಲ್ಲ ಕಂತು ಮುಗಿಯುವವರೆಗೆ ಹಕ್ಕುಪತ್ರ ನಿಮ್ಮಲ್ಲಿ, ವಾಸ ಅವರದು. ಇದಕ್ಕೆ ಕೆಟ್ಟ ಇತಿಹಾಸವಿದೆ. ಬ್ಯಾಂಕುಗಳು ಸಾಲ ಕೊಡದ ಕಾಲದಲ್ಲಿ, 1950 ಮತ್ತು 60ರ ದಶಕದ ಶಿಕಾಗೊದಲ್ಲಿ, ಕಪ್ಪು ಕುಟುಂಬಗಳಿಗೆ ಇದೇ ಬಗೆಯ ಕರಾರಿನಲ್ಲಿ ಮನೆ ಮಾರಿದರು. ಒಂದು ಕಂತು ತಪ್ಪಿದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಮಾರಿದವನದು. ಆ ಕುಟುಂಬಗಳು ಸಂಘ ಕಟ್ಟಿ ಕಂತು ಕಟ್ಟುವುದನ್ನೇ ನಿಲ್ಲಿಸಿ ಹೋರಾಡಬೇಕಾಯಿತು. ಬಡ್ಡಿ ಹಾಕಿ ಕಂತಿನಲ್ಲಿ ಮಾರುವ ನೆರೆಯವನಿಗೂ ಗೃಹಸಾಲದ ನಿಯಮಗಳು ಅನ್ವಯಿಸಬಹುದು ಎನ್ನುವುದನ್ನೂ ನೆನಪಿಡಬೇಕು.

ಮೋಸಗಾರರು ಬಳಸುವುದೂ ಇದೇ ನಮೂನೆಯನ್ನೇ, ಇದು ಈ ವಿಷಯದ ಕಹಿ ಸತ್ಯ. 'ಮನೆಯನ್ನು ಸದ್ಯ ನನ್ನ ಹೆಸರಿಗೆ ಬರೆದುಕೊಡಿ, ನೀವು ಬಾಡಿಗೆ ಕೊಟ್ಟುಕೊಂಡು ಇಲ್ಲೇ ಇರಿ, ಎರಡು ವರ್ಷದಲ್ಲಿ ವಾಪಸು ಕೊಳ್ಳಿ' ಎನ್ನುವವನು ಬಾಡಿಗೆಯನ್ನು ಕಟ್ಟಲಾಗದಷ್ಟು ಏರಿಸಿ ಹೊರಹಾಕುತ್ತಾನೆ, ಮನೆಯಲ್ಲಿ ಕೂಡಿದ್ದ ಬೆಲೆಯನ್ನು ನುಂಗುತ್ತಾನೆ. ಇದಕ್ಕಾಗಿಯೇ ಮಿನ್ನೆಸೋಟ 2004ರಲ್ಲಿ ಇಂಥ ವಹಿವಾಟುಗಳಿಗೆ ಪ್ರತ್ಯೇಕ ಕಾನೂನು ತಂದಿತು, ಬೇರೆ ರಾಜ್ಯಗಳಲ್ಲೂ ಇಂಥವು ಇವೆ. ಒಳ್ಳೆಯ ಮನಸ್ಸಿನ ನೆರೆಯವನ ಕಾಗದವೂ ಮೋಸಗಾರನ ಕಾಗದವೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ನಾನು ನೋಡುವುದು ಮೂರು ಸಾಲುಗಳನ್ನು: ಮರಳಿ ಕೊಳ್ಳುವ ಬೆಲೆ ಇವತ್ತೇ ಅಂಕಿಯಲ್ಲಿ ಬರೆದಿದೆಯೇ, ಕಂತು ತಪ್ಪಿದರೆ ಕಟ್ಟಿದ ಹಣ ಏನಾಗುತ್ತದೆ, ಕುಟುಂಬದ ಪರವಾಗಿ ಬೇರೆಯೇ ವಕೀಲರು ಓದಿದ್ದಾರೆಯೇ.

ಮೂರನೆಯದು ಲ್ಯಾಂಡ್ ಟ್ರಸ್ಟ್. ನೆಲ ಟ್ರಸ್ಟಿನದು, ಮೇಲಿನ ಮನೆ ಕುಟುಂಬದ್ದು. ನಡುವೆ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಮಾರುವಾಗ ಬೆಲೆಯನ್ನು ಒಂದು ಸೂತ್ರ ನಿರ್ಧರಿಸುತ್ತದೆ: ಕುಟುಂಬಕ್ಕೆ ಏರಿಕೆಯ ಒಂದು ಭಾಗ, ಮುಂದಿನವರಿಗೆ ಎಟುಕುವ ಬೆಲೆ. ನೆಲದ ಏರಿಕೆ ಯಾರ ಜೇಬಿಗೂ ಹೋಗುವುದಿಲ್ಲ. ಇನ್ನೊಂದು ಅನುಕೂಲ ಗುತ್ತಿಗೆಯ ಒಳಗೇ ಇದೆ. ಮನೆಯವರು ಸಾಲದ ಕಂತು ತಪ್ಪಿಸಿದರೆ ಬ್ಯಾಂಕು ಟ್ರಸ್ಟಿಗೂ ತಿಳಿಸಬೇಕು, ಟ್ರಸ್ಟ್ ಬಾಕಿ ತುಂಬಿ ಜಪ್ತಿ ತಪ್ಪಿಸಬಹುದು ಎಂಬ ಕಲಮು ಅದರಲ್ಲಿರುತ್ತದೆ. 2010ರ ಕೊನೆಗೆ ಸಾಮಾನ್ಯ ಗೃಹಸಾಲಗಳಲ್ಲಿ ಶೇ 4.63ರಷ್ಟು ಜಪ್ತಿಯ ಹಂತದಲ್ಲಿದ್ದಾಗ ಲ್ಯಾಂಡ್ ಟ್ರಸ್ಟ್ ಮನೆಗಳಲ್ಲಿ ಅದು ಶೇ 0.46. ಹತ್ತರಲ್ಲಿ ಒಂದು ಪಾಲು. ಬಡವರೇ ಹೆಚ್ಚಿದ್ದ ಮನೆಗಳಲ್ಲಿ ಈ ಅಂಕಿ ಬಂದದ್ದು, ಅವರ ಹಿಂದೆ ನಿಂತು ನೋಡಿಕೊಳ್ಳುವವರು ಇದ್ದದ್ದರಿಂದ.

ದೊಡ್ಡ ಗಾತ್ರದಲ್ಲಿ ಇದನ್ನು ಮಾಡಲು ಸಾರ್ವಜನಿಕ ಹಣವೇ ಬೇಕು. ಸಿನ್ಸಿನಾಟಿಯ ಬಂದರು ಪ್ರಾಧಿಕಾರ ಬಾಂಡ್‌ಗಳ ಮೂಲಕ 1.45 ಕೋಟಿ ಡಾಲರ್ ಎತ್ತಿ, 2022ರ ಆರಂಭದಲ್ಲಿ ಸಾಲ ತೀರಿಸಲಾಗದ ಹೂಡಿಕೆದಾರನೊಬ್ಬನ 194 ಮನೆಗಳನ್ನು ದೊಡ್ಡ ಹೂಡಿಕೆ ಕಂಪನಿಗಳ ಪೈಪೋಟಿ ಮೀರಿ ಒಟ್ಟಿಗೆ ಕೊಂಡಿತು, ಅಲ್ಲಿನ ಬಾಡಿಗೆದಾರರು ಮಾಲೀಕರಾಗಲೆಂದು.

ಇಷ್ಟೆಲ್ಲ ಹೇಳಿದ ಮೇಲೂ, ಹಣ ಹಿಡಿದು ನಿಂತ ಸಮುದಾಯಕ್ಕೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಹರಾಜಿಗೆ ಇನ್ನೂ ಎಷ್ಟು ದಿನ ಇದೆ? ತಿಂಗಳಿಗೆ 1,500 ಡಾಲರ್ ಕಂತಿನ ಮನೆ ಹತ್ತು ತಿಂಗಳು ಬಾಕಿ ಉಳಿದಿದ್ದರೆ ಬೇಕಾದದ್ದು 15,000, ಮೇಲೆ ಖರ್ಚು, ದಂಡ. ಅದೇ ಮನೆಯನ್ನು ಹರಾಜಿನಲ್ಲಿ ಕೊಳ್ಳಲು ಒಂದೂವರೆ ಲಕ್ಷ ಬೇಕು. ಒಂದು ಮನೆ ಗೆಲ್ಲುವ ಹಣದಲ್ಲಿ ಎಂಟು ಹತ್ತು ಮನೆಗಳ ಬಾಕಿ ತೀರಿಸಬಹುದು, ಹಳೆಯ ಸಾಲ ಹಳೆಯ ಬಡ್ಡಿಯಲ್ಲೇ ಮುಂದುವರಿಯುತ್ತದೆ, ಎರಡನೇ ಕಾಗದದ ತಕರಾರೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹರಾಜಿಗೆ ಐದು ಕೆಲಸದ ದಿನ ಮುಂಚಿನವರೆಗೂ ಬಾಕಿಯನ್ನಷ್ಟೇ ಕಟ್ಟಿ ಸಾಲವನ್ನು ಮೊದಲಿನಂತೆ ಮಾಡಿಕೊಳ್ಳುವ ಹಕ್ಕಿದೆ. ಪೆನ್ಸಿಲ್ವೇನಿಯಾ 1983ರಿಂದಲೇ ಕೆಲಸ ಕಳೆದುಕೊಂಡವರ, ಕಾಯಿಲೆ ಬಿದ್ದವರ ಕಂತಿಗೆ ತುರ್ತು ಸಾಲ ಕೊಡುವ ವ್ಯವಸ್ಥೆ ಇಟ್ಟುಕೊಂಡಿದೆ. ಕೇಂದ್ರ ವಸತಿ ಇಲಾಖೆ ಮಾನ್ಯ ಮಾಡಿದ ಸಲಹೆಗಾರರು ಇಂಥ ಪ್ರಕರಣಗಳನ್ನು ಉಚಿತವಾಗಿ ನೋಡುತ್ತಾರೆ. ಆದಾಯವೇ ನಿಂತುಹೋಗಿ ಮುಂದಿನ ತಿಂಗಳ ಕಂತೂ ಕಟ್ಟಲಾಗದ ಮನೆಗೆ ಬಾಕಿ ತುಂಬುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ, ನಿಜ. ಹರಾಜಿನ ಯೋಚನೆ ಬರಬೇಕಾದದ್ದು ಅಂಥ ಮನೆಗೆ, ಅಥವಾ ಬೆಲೆಗಿಂತ ಸಾಲವೇ ದೊಡ್ಡದಾದ ಮನೆಗೆ, ಅಥವಾ ಮಾಲೀಕ ಕೈಬಿಟ್ಟ ಬಾಡಿಗೆದಾರರಿಗೆ.

ಲ್ಯಾಂಡ್ ಟ್ರಸ್ಟಿನ ಹುಟ್ಟು ಎಲ್ಲಿಂದ ಎಂದು ಹುಡುಕಿದರೆ ಜಾರ್ಜಿಯಾದ ಆಲ್ಬನಿ ಊರಿನ ಹತ್ತಿರಕ್ಕೆ ಹೋಗುತ್ತೇವೆ. 1969ರಲ್ಲಿ ಚಾರ್ಲ್ಸ್ ಶೆರಾಡ್, ಷರ್ಲಿ ಶೆರಾಡ್ ಮತ್ತು ನಾಗರಿಕ ಹಕ್ಕುಗಳ ಹೋರಾಟದ ಅವರ ಸಂಗಾತಿಗಳು ಅಲ್ಲಿ ನ್ಯೂ ಕಮ್ಯುನಿಟೀಸ್ ಎಂಬ ಟ್ರಸ್ಟ್ ಕಟ್ಟಿ ಸುಮಾರು 5,700 ಎಕರೆ ಕೊಂಡರು. ಮತ ಹಾಕಲು ಹೊರಟದ್ದಕ್ಕೆ ಗೇಣಿಯ ನೆಲದಿಂದ ಓಡಿಸಲ್ಪಟ್ಟ ಕಪ್ಪು ರೈತರಿಗೆ, ಯಾರೂ ಕಿತ್ತುಕೊಳ್ಳಲಾಗದ ನೆಲ ಬೇಕಿತ್ತು. ಅವರ ಕಣ್ಣಮುಂದಿದ್ದ ಮಾದರಿಗಳಲ್ಲಿ ಒಂದು ವಿನೋಬಾ ಭಾವೆಯವರ ಗ್ರಾಮದಾನ. ಬರ ಬಿತ್ತು, ಕೃಷಿ ಇಲಾಖೆಯ ತುರ್ತು ಸಾಲ ಸಕಾಲಕ್ಕೆ ಸಿಗಲಿಲ್ಲ, 1985ರಲ್ಲಿ ಆ 5,700 ಎಕರೆಯೂ ಜಪ್ತಿಯಾಗಿ ಕೈತಪ್ಪಿತು. ಇಲಾಖೆಯ ತಾರತಮ್ಯದ ವಿರುದ್ಧ ಕಪ್ಪು ರೈತರು ಹೂಡಿದ ಮೊಕದ್ದಮೆಯಲ್ಲಿ 2009ರಲ್ಲಿ ಈ ಟ್ರಸ್ಟಿಗೆ ಸುಮಾರು 1.2 ಕೋಟಿ ಡಾಲರ್ ಪರಿಹಾರ ಬಂತು. 2011ರಲ್ಲಿ ಆ ಹಣದಿಂದ ಆಲ್ಬನಿಯ ಬಳಿಯೇ 1,638 ಎಕರೆ ಕೊಂಡರು. ಗುಲಾಮರನ್ನು ಇಟ್ಟುಕೊಂಡು ಬೆಳೆ ತೆಗೆಯುತ್ತಿದ್ದ ಹಳೆಯ ತೋಟ ಅದು. ಕ್ರಯಪತ್ರ ಈಗ ಟ್ರಸ್ಟಿನ ಹೆಸರಿನಲ್ಲಿದೆ.